ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚಾಕ್‌ಪೀಸ್

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಸರ್, ನೀವು ವಿಜ್ಞಾನ ಕಲಸ್ತೀರಿ. ಮತ್ತ ಹಣಿಗೆ ಈಬತ್ತಿ ಯಾಕ ಹಚ್ಗೊಂತೀರಿ?” ರಾಯಚೂರಿನಲ್ಲಿ ಗಣಿತ ಹೇಳುವ ನನ್ನ ಹಳೆಯ ಗೆಳೆಯ ಇದನ್ನೇ ಇನ್ನಷ್ಟು ಖಾರವಾಗಿ ಕೇಳುತ್ತಾನೆ. ಊರಿನ ಹಿರಿಯರು ತಿರುವಿ ಕೇಳುತ್ತಾರೆ: “ಈಬತ್ತಿ ಹಚ್ಚೋ ಮಾಸ್ತರು ನೀವು, ಗ್ರಾಣದಾಗ ಹುಡುಗ್ರನ್ನ ಹೊರಗ ಯಾಕ ಕರಕೊಂಡು ಹೋಗ್ತೀರಿ?” ಬಾಯಿ ಬೇರೆಯಾದರೂ ಪ್ರಶ್ನೆ ಒಂದೇ. ದೇವರನ್ನು ನಂಬುವುದಕ್ಕೂ ವಿಜ್ಞಾನವನ್ನು ಒಪ್ಪುವುದಕ್ಕೂ ಹೊಂದಾಣಿಕೆ ಆಗುತ್ತದೆಯೇ?

ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷ ನಿಂತ ನಿಲುವಿನಲ್ಲೇ ಏನಾದರೊಂದು ಉತ್ತರ ಕೊಟ್ಟು ಗಂಟೆ ಹೊಡೆದ ಕೂಡಲೇ ಮುಂದಿನ ತರಗತಿಗೆ ಹೋಗಿದ್ದೇನೆ. ಆ ಉತ್ತರಗಳು ನನಗೇ ಸಮಾಧಾನ ತಂದಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

1980ರ ಫೆಬ್ರುವರಿ 16, ಶನಿವಾರ. ನನಗಾಗ ಎಂಟು ವರ್ಷ. ಅವತ್ತು ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣ. ಅಂಕೋಲಾ ಹತ್ತಿರ ಕಡಲು ದಾಟಿ ನೆಲ ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿ, ಗದಗ ದಾಟಿ ನಮ್ಮ ರಾಯಚೂರು ಜಿಲ್ಲೆಯ ಮೇಲೆ ಹಾದು ಆಂಧ್ರದ ಕಡೆ ಹೋಯಿತು. ನಮ್ಮ ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ದೂರದರ್ಶಕ ಹೂಡಿ ಕೂತಿದ್ದರು. ಸೂರ್ಯ ಪೂರ್ತಿ ಮುಚ್ಚುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು, ಅಷ್ಟೇ. ಸೂರ್ಯನ ಸುತ್ತಲಿನ ಬೆಳ್ಳನೆಯ ಪ್ರಭೆ, ಕರೋನಾ ಅನ್ನುತ್ತಾರಲ್ಲ, ಅದನ್ನು ಬರಿಗಣ್ಣಿಗೆ ಕಾಣುವಂತೆ ಪ್ರಕೃತಿ ತೆರೆದಿಡುವುದು ಆ ಗಳಿಗೆಯಲ್ಲಿ ಮಾತ್ರ. ಅದಕ್ಕಾಗಿ ಅವರು ಅಷ್ಟು ದೂರದಿಂದ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದಿದ್ದರು.

ನಮ್ಮೂರು ಅಲ್ಲಿಂದ ಎರಡು ಹರದಾರಿ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಅವ್ವ ಕೊಡದ ನೀರಿಗೆ, ಹಾಲಿನ ಗಡಿಗೆಗೆ, ಉಪ್ಪಿನಕಾಯಿ ಭರಣಿಗೆ ಗರಿಕೆ ಹಾಕಿದ್ದಳು. ಬಸುರಿಯಾಗಿದ್ದ ನಮ್ಮ ಕಾಕಿಯನ್ನು ಒಳಗಿನ ಕೋಣೆಯಲ್ಲಿ ಅಂಗಾತ ಮಲಗಿಸಿ, ಕೈಕಾಲು ಮಡಚಬೇಡ ಅಂದಿದ್ದರು. ಮಾಳಿಗೆಯ ಬೆಳಕಿಂಡಿಗೆ ಅಪ್ಪ ತಗಡು ಮುಚ್ಚಿ ಮೇಲೊಂದು ಕಲ್ಲು ಹೇರಿದ್ದ. ಆ ಹಳೆಯ ತಗಡಿನಲ್ಲಿ ಒಂದು ಮೊಳೆ ತೂತು ಇತ್ತು. ಅದರೊಳಗಿಂದ ಬಿಸಿಲ ಕೋಲೊಂದು ಓರೆಯಾಗಿ ಇಳಿದು ಮೂಡಣ ಗೋಡೆಯ ಬುಡದಲ್ಲಿ ದುಂಡಗೆ ಬಿದ್ದಿತ್ತು. ಆಗಿನ ರೂಪಾಯಿ ಬಿಲ್ಲೆಯಷ್ಟು ಬೆಳಕು. ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ನೋಡುತ್ತಾ ನೋಡುತ್ತಾ ಆ ಬಿಲ್ಲೆಯ ಒಂದು ಅಂಚು ಸವೆಯತೊಡಗಿತು. ಇಲಿ ಕಚ್ಚಿದ ರೊಟ್ಟಿಯ ಹಾಗೆ. ಆಮೇಲೆ ಅರ್ಧ ಬಿಲ್ಲೆ. ಆಮೇಲೆ ಕುಡುಗೋಲು. “ಯವ್ವಾ, ಬೆಳಕು ಸಣ್ಣಾಗಾಕತ್ತೈತಿ” ಅಂದೆ. ಅವ್ವ ಬಂದು ನೋಡಿ, ಮಾತಾಡದೆ ಗೋಡೆಗೆ ಒರಗಿಸಿದ್ದ ಮೊರ ತಂದು ಆ ಬೆಳಕಿಗೆ ಅಡ್ಡ ಇಟ್ಟಳು. ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಹೊರಗೆ ಹಕ್ಕಿಗಳ ಗದ್ದಲ ಒಮ್ಮೆಲೇ ನಿಂತದ್ದು, ಮನೆ ಕತ್ತಲಾದದ್ದು, ಎಮ್ಮೆ ಒಂದೇ ಸಮ ಒದರಿದ್ದು ನೆನಪಿದೆ.

ಏಳೆಂಟು ವರ್ಷಗಳ ಮೇಲೆ ರಾಯಚೂರಿನಲ್ಲಿ ಪಿಯುಸಿ ಓದುವಾಗ ಮೇಷ್ಟ್ರು ಸೂಜಿರಂಧ್ರ ಕ್ಯಾಮೆರಾ ಬರೆದು ವಿವರಿಸಿದರು. ಸಣ್ಣ ತೂತಿನ ಮೂಲಕ ಬಂದ ಬೆಳಕು ತೂತಿನ ಆಕಾರವನ್ನಲ್ಲ, ಬೆಳಕಿನ ಮೂಲದ ಆಕಾರವನ್ನೇ ಆಚೆ ಗೋಡೆಯ ಮೇಲೆ ಮೂಡಿಸುತ್ತದೆ. ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಅವತ್ತು ಗೋಡೆಯ ಬುಡದಲ್ಲಿದ್ದದ್ದು ಬರೀ ಬೆಳಕಲ್ಲ, ಸೂರ್ಯನ ಚಿತ್ರ. ಚಂದ್ರ ಅದನ್ನು ಕಡಿಯುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಾಗಿಲು ಹಾಕಿಕೊಂಡ ನಮ್ಮ ಮನೆಯೇ ಒಂದು ಕ್ಯಾಮೆರಾ ಆಗಿತ್ತು. ಅದು ಏನೆಂದು ಹೇಳುವವರು ಇರಲಿಲ್ಲ.

ಇಲ್ಲಿಂದಲೇ ನನ್ನ ಉತ್ತರ ಶುರುವಾಗುತ್ತದೆ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಿದರೆ ಕಣ್ಣು ಕೆಡುವುದು ನಿಜ, ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಬಿಟ್ಟು. ಹಿರಿಯರ ಭಯದಲ್ಲಿ ಅಷ್ಟು ಹುರುಳಿದೆ. ಆದರೆ ದೇವರನ್ನು ನಂಬುವ ಮನುಷ್ಯನಾಗಿ ನನಗೆ ಹೆಚ್ಚು ಸಂಕಟ ಕೊಡುವುದು ಬೇರೆ. ಈ ಜಗತ್ತನ್ನು ದೇವರು ಮಾಡಿದ ಅನ್ನುತ್ತೇವೆ. ಅವನು ಮಾಡಿದ್ದರಲ್ಲೇ ಅತ್ಯಂತ ಅಪರೂಪದ್ದು ನಮ್ಮ ಮಾಳಿಗೆ ಮೇಲೇ ನಡೆಯುವಾಗ, ಅವನ ಹೆಸರು ಹೇಳಿಯೇ ಬಾಗಿಲು ಹಾಕಿಕೊಂಡೆವು. ಭಾರತದಲ್ಲಿ ಮುಂದಿನ ಖಗ್ರಾಸ ಕಾಣುವುದು 2034ರ ಮಾರ್ಚ್ 20ಕ್ಕೆ, ಅದೂ ಕಾಶ್ಮೀರ, ಲಡಾಖ್ ಕಡೆ. ಅವ್ವನ ಪಾಲಿಗೆ ಇದ್ದದ್ದು ಅದೊಂದೇ.

ಈಗ ಒನಕೆಯ ವಿಷಯ. ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ನಂಬಿಕೆ: ಗ್ರಹಣ ಹಿಡಿದಾಗ ಗಂಗಾಳದಲ್ಲಿ ನೀರು ಹಾಕಿ ನಡುವೆ ಒನಕೆ ಇಟ್ಟರೆ ಆಸರೆಯಿಲ್ಲದೆ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ. 2019ರ ಡಿಸೆಂಬರ್ 26ರ ಗ್ರಹಣ ಹತ್ತಿರ ಬಂದಿತ್ತು. ಕೊಡಗು, ಮಂಗಳೂರು ಕಡೆ ಅದು ಕಂಕಣ, ನಮ್ಮಲ್ಲಿ ಪಾರ್ಶ್ವ. ಅದಕ್ಕೆ ಎರಡು ದಿನ ಮುಂಚೆ ಸಂಜೆ, ಅವ್ವನ ಎದುರಿಗೇ ಪಡಸಾಲೆಯಲ್ಲಿ ಗಂಗಾಳ ಇಟ್ಟೆ. ಮನೆಯ ಒನಕೆ ಹಳೆಯದು, ಬುಡಕ್ಕೆ ಕಬ್ಬಿಣದ ಬಳೆ, ಕುಟ್ಟಿ ಕುಟ್ಟಿ ಸಪಾಟಾಗಿ ಸವೆದಿತ್ತು. ಎರಡು ಕೈಯಲ್ಲಿ ಹಿಡಿದು, ಅದರ ತೂಕ ಅತ್ತಿತ್ತ ಜೋಲುವುದು ಬೆರಳಿಗೆ ತಿಳಿಯುವ ತನಕ ಮೆಲ್ಲಗೆ ಸರಿಸುತ್ತಾ ಹೋದೆ. ನಾಲ್ಕನೇ ಸಲಕ್ಕೆ ಕೈ ಬಿಟ್ಟೆ. ನಿಂತಿತು. ಒನಕೆಯ ಗುರುತ್ವ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಅದರ ಬುಡದೊಳಗೆ ಬಿದ್ದರೆ ಅದು ನಿಲ್ಲುತ್ತದೆ. ಸೂರ್ಯನ ಅಪ್ಪಣೆ ಬೇಕಿಲ್ಲ.

ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಒಮ್ಮೆ ತಾನೇ ತೆಗೆದು ಮತ್ತೆ ನಿಲ್ಲಿಸಿದಳು. ಅವಳ ಕೈಗೆ ಎರಡನೇ ಸಲಕ್ಕೇ ನಿಂತಿತು. ಅರವತ್ತು ವರ್ಷ ಒನಕೆ ಹಿಡಿದ ಕೈ. ಆಮೇಲೆ ಕೇಳಿದಳು: “ಹಂಗಾರ ಇಷ್ಟು ದಿನ ಅದು ನಿಂತಿದ್ದು ನಾವು ನಿಲ್ಲಿಸಿದ್ದಕ್ಕ ಏನು ತಮ್ಮಾ?” ಹೌದವ್ವಾ ಅಂದೆ. “ಮತ್ತ ಗ್ರಾಣ ಬಿಟ್ಟಾಗ ಬೀಳತಿತ್ತಲ್ಲ?” ಬಿಟ್ಟಿತು ಅಂತ ಗೊತ್ತಾದ ಮೇಲೆ ಯಾರೋ ಒಬ್ಬರು ಮುಟ್ಟಿ ನೋಡುತ್ತಿದ್ದರು, ಅದು ಬೀಳುತ್ತಿತ್ತು. ಅವ್ವ ನೆನಪು ಮಾಡಿಕೊಂಡು ತಲೆ ಆಡಿಸಿದಳು. “ಹೌದು, ನಿಮ್ಮ ಅಜ್ಜಿ ಮುಟ್ಟತಿದ್ಲು.”

ಗ್ರಹಣದ ದಿನ ಮಾತ್ರ ಅವಳು ಗ್ರಹಣ ಬಿಟ್ಟ ಮೇಲೆ ಎಂದಿನಂತೆ ತಲೆ ಮೇಲೆ ನೀರು ಹಾಕಿಕೊಂಡಳು. ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಮೊರದ ತುಂಬ ಜೋಳ ಹಾಕಿದಳು. ನಾನು ಏನಾದರೂ ಅಂದೇನು ಅಂತ ಅನ್ನಿಸಿತೋ ಏನೋ, ತಾನೇ ಹೇಳಿದಳು: “ಒನಕಿದು ಸುಳ್ಳು, ಒಪ್ಪಿದೆ. ಆಕಿ ಹಸಿದು ಬಂದಿದ್ದು ಖರೇನ ಐತಿ.” ನನ್ನ ಇಪ್ಪತ್ತೇಳು ವರ್ಷದ ಪಾಠದಲ್ಲಿ ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಾಯಿಂದ ಬಂದಿಲ್ಲ.

ಒನಕೆ ನಿಲ್ಲಿಸಿದರೆ ಯಾರಿಗೇನು ನಷ್ಟ, ಬಿಡಿ ಮಾಸ್ತರೇ ಅನ್ನುವವರಿದ್ದಾರೆ. ಅದೇ ಡಿಸೆಂಬರ್ 26ರಂದು ಬೆಳಿಗ್ಗೆ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆವರೆಗೆ ತಿಪ್ಪೆಯ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಟಿವಿಯಲ್ಲಿ ಆ ಮಕ್ಕಳ ಮುಖ ನೋಡಿದೆ, ಅಳುತ್ತಿದ್ದವು. ಹೂತವರು ಅವರ ಅಪ್ಪ ಅವ್ವಂದಿರೇ. ಕೆಟ್ಟವರಲ್ಲ, ದಾರಿ ಕಾಣದವರು. ಗ್ರಹಣಕ್ಕೆ ಒನಕೆ ನಿಲ್ಲಿಸುವ ಶಕ್ತಿ ಇದೆ ಅಂತ ಒಪ್ಪಿದ ಮನಸ್ಸಿಗೆ ಮಗುವಿನ ಕಾಲು ನೆಟ್ಟಗಾಗಿಸುವ ಶಕ್ತಿಯೂ ಇದೆ ಅಂತ ಒಪ್ಪುವುದು ಎಷ್ಟು ದೂರ?

ಬರೆಯಲು ಕಷ್ಟವಾಗುವ ಮಾತು ಇನ್ನೊಂದಿದೆ.

1988ರ ಮಳೆಗಾಲ. ರಜೆಗೆ ಊರಿಗೆ ಬಂದಿದ್ದೆ. ಕಾಕನ ಮಗ, ಹನ್ನೆರಡು ವರ್ಷದವನು, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ನಡುರಾತ್ರಿ ಎದ್ದು ಹೊಟ್ಟೆನೋವು ಅಂದ. ಕಾಕಿ ದೀಪ ಹಿಡಿದು ನೋಡಿದರೆ ಮೂಲೆಯಲ್ಲಿ ಕಟ್ಟುಹಾವು. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ, ಊತವಿಲ್ಲ, ರಕ್ತವಿಲ್ಲ. ಹುಡುಗನನ್ನು ಎತ್ತಿಕೊಂಡು ಹನುಮಪ್ಪನ ಗುಡಿಗೆ ಹೋದರು. ಮಂತ್ರ ಹಾಕುವವರು ಬಂದರು. ಬೇವಿನ ಸೊಪ್ಪು ಇಳಿಸಿದರು, ಬೆಳಗಾಗುವ ತನಕ ಹೊಸ್ತಿಲು ದಾಟಿಸಬೇಡಿ ಅಂದರು. ಎರಡು ಗಂಟೆ ಹೊತ್ತಿಗೆ ಅವನ ಕಣ್ಣಿನ ರೆಪ್ಪೆಗಳು ಜೋತುಬಿದ್ದವು. ತೆರೆಯಲು ಹೋದರೂ ತೆರೆಯುತ್ತಿರಲಿಲ್ಲ. “ನಿದ್ದಿ ಬಂತು ಕೂಸಿಗೆ, ಹನುಮಪ್ಪ ಇಳಿಸಿದ” ಅಂತ ಕಾಕಿ ಸೆರಗಿನಿಂದ ಗಾಳಿ ಬೀಸಿದಳು. ಅದು ನಿದ್ದೆ ಅಲ್ಲ. ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಟದ ಸ್ನಾಯು. ಬೆಳ್ಳಿ ಮೂಡುವ ಹೊತ್ತಿಗೆ ಹುಡುಗ ಹೋದ.

ನಾನು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದವನು. ದವಾಖಾನೆಗೆ ಒಯ್ಯೋಣ ಅಂತ ಒಮ್ಮೆ ಅಂದೆ. ಹಿರಿಯರೊಬ್ಬರು ಸುಮ್ಮನಿರು ಅಂದರು. ಸುಮ್ಮನಾದೆ. ಊರಲ್ಲಿ ಟ್ರ್ಯಾಕ್ಟರ್ ಇತ್ತು, ಸಿಂಧನೂರಿಗೆ ರಸ್ತೆ ಇತ್ತು. ಅಲ್ಲಿ ಅವತ್ತು ಔಷಧ ಇತ್ತೋ ಇಲ್ಲವೋ, ನಾವು ಕೇಳುವುದಕ್ಕೂ ಹೋಗಲಿಲ್ಲ.

ಮಂತ್ರದಿಂದ ಬದುಕಿದವರು ಊರೂರಿಗೂ ಇದ್ದಾರಲ್ಲ ಅನ್ನುತ್ತಾರೆ. ಇದ್ದಾರೆ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಬರೀ ಹಲ್ಲು ಊರುತ್ತದೆ. ಅಂಥವರು ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಬದುಕಿದವರು ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆಸಿ ಹತ್ತು ಜನಕ್ಕೆ ಹೇಳುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ವಿಚಾರ ಮಾಡುವುದು ಅಂದರೆ ನನ್ನ ಪ್ರಕಾರ ಮುಖ್ಯವಾಗಿ ಇದೇ: ಸಾಕ್ಷಿ ಹೇಳಲು ಬಾರದೇ ಹೋದವರನ್ನೂ ಲೆಕ್ಕಕ್ಕೆ ಹಿಡಿಯುವುದು. ಹಾಗೆ ಲೆಕ್ಕ ಹಿಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. 2000ದಿಂದ 2019ರ ತನಕ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಆ ಅಂಕಿ ಓದಿದಾಗ ನನಗೆ ಕಂಡದ್ದು ಜೋತುಬಿದ್ದ ಎರಡು ರೆಪ್ಪೆ.

ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಮಾಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಕಚ್ಚಿಸಿಕೊಂಡವರು ಯಾವ ಜಾತಿ, ಯಾವ ದೇವರ ಒಕ್ಕಲು ಅಂತ ಅದು ಕೇಳುವುದಿಲ್ಲ. ಹಾವು, ನಾಯಿ, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ತಂತ್ರ ಮಾಡುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿತು. ನಮ್ಮ ಹುಡುಗನಿಗೆ ಇದೆಲ್ಲಾ ಮೂವತ್ತು ವರ್ಷ ತಡವಾಯಿತು.

ಆ ರಾತ್ರಿಯಿಂದ ನಾನು ಯಾವ ನಂಬಿಕೆಯ ಎದುರು ನಿಂತರೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಸುಳ್ಳಾದರೆ ಅದರ ಬೆಲೆ ಯಾರು ಕೊಡಬೇಕು? ನಾನೇ ಕೊಡುವುದಾದರೆ, ಅಂದರೆ ನನ್ನ ಇಪ್ಪತ್ತು ನಿಮಿಷ, ನನ್ನ ದೀಪದ ಎಣ್ಣೆ, ನನ್ನ ಉಪವಾಸ, ಅದು ನನ್ನ ಮತ್ತು ನನ್ನ ದೇವರ ನಡುವಿನ ಮಾತು. ಬೇರೊಬ್ಬರು ಕೊಡಬೇಕಾಗುತ್ತದೆ ಅಂದರೆ, ಅದರಲ್ಲೂ ಬಾಯಿಲ್ಲದ ಮಗು ಕೊಡಬೇಕಾಗುತ್ತದೆ ಅಂದರೆ, ಅಲ್ಲಿ ನಂಬಿಕೆ ಹಿಂದೆ ಸರಿಯಬೇಕು, ಪರೀಕ್ಷೆಗೆ ನಿಂತ ತಿಳಿವಳಿಕೆ ಮುಂದೆ ಬರಬೇಕು. ಅಲ್ಲಿ ಚೌಕಾಸಿ ಇಲ್ಲ. ಹೊಂದಾಣಿಕೆ ಆಗುತ್ತದೆಯೇ ಅಂದರೆ, ಈ ಷರತ್ತಿನ ಮೇಲೆ ಆಗುತ್ತದೆ.

ಇನ್ನೊಂದು ಬಗೆಯ ಹೊಂದಾಣಿಕೆ ಈಗ ಮೊಬೈಲಿನಲ್ಲಿ ಓಡಾಡುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ. ಹಿರಿಯರು ಮಾಡಿದ್ದಕ್ಕೆಲ್ಲಾ ವೈಜ್ಞಾನಿಕ ಕಾರಣ ಇದ್ದೇ ಇದೆ ಎನ್ನುವುದು ಅದು. ಗ್ರಹಣದಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಕಡೆ ಬರುವುದರಿಂದ ಒನಕೆ ನಿಲ್ಲುತ್ತದೆ ಎಂಬ ವಿಡಿಯೋವನ್ನು ನನಗೇ ಹನ್ನೆರಡು ಜನ ಕಳಿಸಿದ್ದರು. ಸೂರ್ಯ ಚಂದ್ರ ಒಂದೇ ಕಡೆ ಇರುವುದು ಪ್ರತಿ ಅಮಾವಾಸ್ಯೆಗೂ. ಚಂದ್ರನ ದಾರಿ ಭೂಮಿಯ ದಾರಿಗಿಂತ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಎಲ್ಲ ಅಮಾವಾಸ್ಯೆಗೂ ಗ್ರಹಣ ಆಗುವುದಿಲ್ಲ, ಅಷ್ಟೇ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಒನಕೆ ತಾನಾಗಿ ನಿಲ್ಲಬೇಕಲ್ಲ? ಹೀಗೆ ಬರೆಯುವವರು ವಿಜ್ಞಾನಕ್ಕೂ ಮೋಸ ಮಾಡುತ್ತಾರೆ, ದೇವರಿಗೂ ಮೋಸ ಮಾಡುತ್ತಾರೆ. ಪ್ರಯೋಗಾಲಯದ ಸರ್ಟಿಫಿಕೇಟ್ ಇಲ್ಲದಿದ್ದರೆ ನಿಲ್ಲಲಾರದ ದೇವರು ಯಾರಿಗೆ ಬೇಕು?

ನಮ್ಮ ಹಿರಿಯರಿಗೆ ಗೌರವ ಕೊಡಬೇಕಾದದ್ದು ಸುಳ್ಳು ಹೊಗಳಿಕೆಯಿಂದ ಅಲ್ಲ, ಅವರು ನಿಜವಾಗಿ ಮಾಡಿದ ಕೆಲಸಕ್ಕೆ. ಕ್ರಿ.ಶ. 499ರಲ್ಲೇ ಆರ್ಯಭಟ ಗ್ರಹಣವೆಂದರೆ ನೆರಳಿನ ಆಟ, ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಅಂತ ಲೆಕ್ಕ ಸಮೇತ ಬರೆದ. ಅದೇ ಕೃತಿಯ ಮೊದಲ ಶ್ಲೋಕದಲ್ಲಿ ಬ್ರಹ್ಮನಿಗೆ ಕೈಮುಗಿದ. ಕೈಮುಗಿದದ್ದರಿಂದ ಲೆಕ್ಕ ತಪ್ಪಲಿಲ್ಲ, ಲೆಕ್ಕ ಮಾಡಿದ್ದರಿಂದ ಕೈ ಬಿಡಲಿಲ್ಲ. ನಮ್ಮ ಮನೆಯ ಮೊಳೆಗೆ ನೇತುಹಾಕಿದ ಪಂಚಾಂಗದಲ್ಲಿ ಗ್ರಹಣದ ಸ್ಪರ್ಶಕಾಲ, ಮೋಕ್ಷಕಾಲ ನಿಮಿಷದ ಮಟ್ಟಿಗೆ ಬರೆದಿರುತ್ತದೆ. ರಾಹು ತನಗೆ ಹಸಿವಾದಾಗ ನುಂಗುವುದಾಗಿದ್ದರೆ ಹೊತ್ತನ್ನು ವರ್ಷ ಮೊದಲೇ ಅಚ್ಚು ಹಾಕಲು ಆಗುತ್ತಿರಲಿಲ್ಲ ಅಂತ ಮಕ್ಕಳಿಗೆ ಹೇಳಿದರೆ, ಅವರ ಕಣ್ಣು ಅಗಲವಾಗುವುದನ್ನು ನೋಡಬೇಕು.

ಕಥೆಗಳನ್ನು ಎಸೆಯಬೇಕು ಅಂತಲೂ ಅಲ್ಲ. ಒಂದು ವರ್ಷ ಮಕ್ಕಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆವು. ಸಂಗನಕಲ್ಲು ಗುಡ್ಡ ನೋಡಿ, ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬದ ಹತ್ತಿರ ಬಸ್ ನಿಲ್ಲಿಸಿದೆವು. ಈ ಸೀಮೆಯಲ್ಲಿ ಇಂಥ ದಿಬ್ಬಗಳು ಬಹಳ. ರಾಕ್ಷಸರನ್ನು ಸುಟ್ಟ ಬೂದಿ ಅನ್ನುತ್ತಾರೆ ಜನ. ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿ ಅಂತ. ಹತ್ತೊಂಬತ್ತನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲಾ ತಿರುಗಾಡಿ, ಇದು ದನದ ಸಗಣಿ ಸುಟ್ಟ ಬೂದಿ ಅಂದ. ಮುಂದೆ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಕಾಯುತ್ತಿದ್ದವರ ದೊಡ್ಡಿಗಳು ಅವು. ಸಗಣಿಯ ರಾಶಿಗೆ ಅವರು ಮತ್ತೆ ಮತ್ತೆ ಬೆಂಕಿ ಯಾಕೆ ಹಾಕಿದರು? ಅದೂ ಒಂದು ಹಬ್ಬದ ಆಚರಣೆ ಆಗಿದ್ದಿರಬಹುದು ಅನ್ನುತ್ತಾರೆ ಪುರಾತತ್ವದವರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈಯಲ್ಲಿ ಬೂದಿಯ ಗಟ್ಟಿ ಹಿಡಿದು ಕೇಳಿದಳು: “ಹಂಗಾರ ಸರ್, ನಿಮ್ಮ ಈಬತ್ತಿನೂ ಇದರಂಗ ಸಗಣಿ ಬೂದಿನ ಅಲ್ಲೇನ್ರಿ?” ಹೌದಮ್ಮಾ, ಅದೇ ಅಂದೆ. ಅವಳು ಆ ಗಟ್ಟಿಯನ್ನು ಇದ್ದಲ್ಲೇ ಮೆಲ್ಲಗೆ ಇಟ್ಟಳು, ಒಂದು ಕ್ಷಣ ಬೆರಳನ್ನು ನೋಡಿಕೊಂಡು ಹಣೆಗೆ ಒರೆಸಿಕೊಂಡಳು. ಆ ಹುಡುಗಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ವಾಲಿಯ ಕಥೆಯಿಂದ ಯಾರೂ ಸಾಯಲಿಲ್ಲ, ಅದು ಉಳಿಯಲಿ. ಅದರ ಕೆಳಗೆ ಗೊರಸಿನ ಗುರುತು ಇರುವುದೂ ಗೊತ್ತಿರಲಿ.

ಗಣಿತದ ಗೆಳೆಯ ಇಷ್ಟಕ್ಕೆ ಬಿಡುವವನಲ್ಲ. “ನಿನ್ನ ದೇವರು ಗ್ರಹಣ ಹಿಡಿಸೋದಿಲ್ಲ, ವಿಷ ಇಳಿಸೋದಿಲ್ಲ, ಒನಕಿ ನಿಲ್ಲಿಸೋದಿಲ್ಲ. ಅಂಥ ದೇವರನ್ನ ಯಾಕ ಇಟ್ಟುಕೊಂಡಿ?” ಅನ್ನುತ್ತಾನೆ. ನ್ಯಾಯವಾದ ಪ್ರಶ್ನೆ. ದೇವರಿದ್ದಾನೆ ಅಂತ ಸಿದ್ಧ ಮಾಡಿ ತೋರಿಸಲು ನನ್ನಿಂದ ಆಗದು. ಆದ್ದರಿಂದಲೇ ಅದನ್ನು ಕರಿಹಲಗೆಯ ಮೇಲೆ ಬರೆಯುವುದಿಲ್ಲ, ಯಾವ ಮಗುವಿಗೂ ಒಪ್ಪು ಅನ್ನುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಇಪ್ಪತ್ತು ನಿಮಿಷ ಕೂರುತ್ತೇನೆ. ಅದೇನೂ ನನಗೆ ಉತ್ತರ ಕೊಡುವುದಿಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ. ಕಾಕನ ಮಗನ ಮುಖ ಬಾರದ ದಿನವಿಲ್ಲ. ಸುಮ್ಮನಾದೆಯಲ್ಲ ಅಂತ ಯಾರೋ ಕೇಳುತ್ತಾರೆ. ಆ ಕೇಳುವವನನ್ನು ಗೆಳೆಯ ಮನಸ್ಸಾಕ್ಷಿ ಅನ್ನುತ್ತಾನೆ, ನಾನು ಶಿವ ಅನ್ನುತ್ತೇನೆ. ಅವನ ಮಾತನ್ನು ಅಲ್ಲಗಳೆಯುವ ಸಾಧನ ನನ್ನಲ್ಲಿಲ್ಲ. ನನ್ನ ಮಾತನ್ನು ಬಿಡುವ ಮನಸ್ಸೂ ನನಗಿಲ್ಲ.

ಹಾವು ಕಚ್ಚಿದ ಸುದ್ದಿ ಬಂದರೆ ಎಷ್ಟು ಹೊತ್ತಾಗಿರಲಿ, ಬೈಕ್ ತೆಗೆದು ಹೋಗುತ್ತೇನೆ. ದಾರಿಯಲ್ಲೇ 108ಕ್ಕೆ ಫೋನ್ ಮಾಡಿರುತ್ತೇನೆ. ಅಲ್ಲಿ ನನ್ನ ಹಣೆಯ ವಿಭೂತಿ ನೋಡಿ ಹಿರಿಯರು ನನ್ನ ಮಾತು ಕೇಳುತ್ತಾರೆ ಎಂಬುದು ನಿಜ. ಅದಕ್ಕಾಗಿ ನಾನು ಹಚ್ಚಿಕೊಳ್ಳುವುದಲ್ಲ, ಆದರೆ ಆ ಹೊತ್ತಿಗೆ ಅದು ಕೆಲಸಕ್ಕೆ ಬರುತ್ತದೆ. ಹನುಮಪ್ಪನ ಅಂಗಾರ ತರಬೇಕು ಅಂತ ತಾಯಿ ಹಟ ಹಿಡಿದರೆ, ತಗೊಂಡು ಬಾ ಯವ್ವಾ, ಗಾಡಿಯಲ್ಲೇ ಹಚ್ಚೋಣ, ಗಾಡಿ ನಿಲ್ಲುವುದು ಬೇಡ ಅನ್ನುತ್ತೇನೆ. ಒಮ್ಮೆ ಆಂಬುಲೆನ್ಸಿನಲ್ಲಿದ್ದ ನರ್ಸ್ ತಾಯಿಯೇ ಸಲೈನ್ ಹಿಡಿದ ಕೈಯಿಂದ ಹುಡುಗನ ಹಣೆಗೆ ಅಂಗಾರ ಹಚ್ಚಿದರು. ಮುಸ್ಲಿಂ ಹೆಣ್ಣುಮಗಳು ಅವರು. ಹುಡುಗ ಈಗ ಐಟಿಐ ಓದುತ್ತಿದ್ದಾನೆ.

2024ರ ಆಗಸ್ಟ್ 10ರ ರಾತ್ರಿಯನ್ನು ಈ ಸೀಮೆಯ ರೈತರು ಮರೆಯುವುದಿಲ್ಲ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಮ್ಮದು ಎಡದಂಡೆ ಕಾಲುವೆಯ ಭತ್ತ. ಮಡಿಯಿಂದ ಕಿತ್ತ ಸಸಿ ಗದ್ದೆಯಲ್ಲಿ ಆಗತಾನೇ ಬೇರು ಬಿಡುತ್ತಿತ್ತು. ಡ್ಯಾಮಿನಲ್ಲಿದ್ದ ನೀರು ಕಣ್ಣೆದುರೇ ನದಿಗೆ ಹೋಗುವುದನ್ನು ಫೋನಿನಲ್ಲಿ ನೋಡುತ್ತಾ ಕೂತೆವು. ಅವ್ವ ಎದ್ದು ದೇವರ ಮಾಡದಲ್ಲಿ ಹುಲಿಗೆಮ್ಮನಿಗೆ ದೀಪ ಹಚ್ಚಿದಳು. ಒಂದು ವಾರ ಹಗಲೂ ರಾತ್ರಿ ಆ ದೀಪಕ್ಕೆ ಎಣ್ಣೆ ಹಾಕುತ್ತಾ ಬಂದಳು. ಅದೇ ವಾರ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಕ್ರೇನಿನಿಂದ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ನೀರು ನಿಲ್ಲಿಸಿದ್ದು ಉಕ್ಕಿನ ಹಲಗೆ, ಅದರ ಲೆಕ್ಕ ಹಾಕಿದ ಎಂಜಿನಿಯರುಗಳು, ಜೀವ ಒತ್ತೆ ಇಟ್ಟು ಮೇಲೆ ನಿಂತ ಕೆಲಸಗಾರರು. ಇದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೆ ಆ ಏಳು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ. ನಿದ್ದೆ ಬಾರದ ಎಪ್ಪತ್ತನಾಲ್ಕರ ಮುದುಕಿಗೆ ಮಾಡಲು ಒಂದು ಕೆಲಸವಿತ್ತು, ಅವಳ ಪಕ್ಕ ಕೂರಲು ನನಗೊಂದು ಜಾಗವಿತ್ತು. ಸ್ಟಾಪ್‌ಲಾಗ್ ಇಳಿದ ಸುದ್ದಿ ಬಂದಾಗ ಅವ್ವ ಕೇಳಿದ ಮೊದಲ ಮಾತು, “ಅಲ್ಲಿ ನೀರಾಗ ನಿಂತು ದುಡದ ಹುಡುಗ್ರು ಆರಾಮ ಅದಾರೇನು?”

ಮೊನ್ನೆ ಅವಳಿಗೆ ಹೇಳಿದೆ: 2027ರ ಆಗಸ್ಟ್ 2ರಂದು ಸಾಯಂಕಾಲ ಮತ್ತೆ ಗ್ರಹಣ ಇದೆ, ಪೂರ್ತಿ ಅಲ್ಲ, ನಮ್ಮಲ್ಲಿ ಸ್ವಲ್ಪವೇ ಹಿಡಿಯುತ್ತದೆ, ಮೋಡ ಇಲ್ಲದಿದ್ದರೆ ಶಾಲೆಯ ಮೈದಾನಕ್ಕೆ ಬಾ, ಗ್ರಹಣ ನೋಡುವ ಕನ್ನಡಕ ಕೊಡುತ್ತೇನೆ. ತಗಡಿಗೆ ಮೊಳೆ ಹೊಡೆದು ನೆಲದ ಮೇಲೆ ಸೂರ್ಯನನ್ನು ಬೀಳಿಸಿ ಮಕ್ಕಳಿಗೆ ತೋರಿಸುವವನಿದ್ದೇನೆ, ನಾನು ಸಣ್ಣವನಿದ್ದಾಗ ನಮ್ಮ ಹಳೇ ಮನೆಯಲ್ಲಿ ಬಿದ್ದಿತ್ತಲ್ಲ, ನೀನು ಮೊರ ಅಡ್ಡ ಇಟ್ಟಿದ್ದೆ, ಹಾಗೆ.

ಅವ್ವ ಎಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: “ನೀ ತೊಡಿ ಮ್ಯಾಲ ಮಲಗಿದ ಮ್ಯಾಲ ನಾ ಮೊರ ಸರಿಸಿ ನೋಡಿದ್ನೆಪ್ಪಾ. ಕುಡುಗೋಲಿನಂಗ ಇತ್ತು. ಸಣ್ಣಾಗಿ ಸಣ್ಣಾಗಿ ಹೋತು, ಮತ್ತ ಆ ಕಡಿಯಿಂದ ಬಂತು. ಎಷ್ಟು ಚಂದ ಇತ್ತು ಅಂತಿ. ಯಾರಿಗೂ ಹೇಳಲಿಲ್ಲ.”